ಬೇಸಿಗೆಯ ಮನೆಗೆ ನೀರಿನ ಲೆಕ್ಕ

ಬೇಸಿಗೆಯಲ್ಲಿ ಮನೆ ಹಿತವಾಗಿರಬೇಕಾದರೆ ಎರಡು ಸಂಗತಿ ಗೊತ್ತಿರಬೇಕು: ತೇವ ಎಲ್ಲಿ ಉಳಿಯಬೇಕು, ಎಲ್ಲಿ ಸುಳಿಯಲೂ ಬಾರದು. ಹೂಜಿಯ ಮೈ ಒದ್ದೆಯಾಗಿದ್ದರೇ ಒಳಗಿನ ನೀರು ತಂಪು. ಅದೇ ಒದ್ದೆ ಉಪ್ಪುನಿಂಬೆಯ ಭರಣಿಗೆ ತಗುಲಿದರೆ ಬೂಷ್ಟು. ಈ ಕಾಲದ ಕೈಕೆಲಸಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ, ಒಗ್ಗರಣೆ ಉಪ್ಪು ಖಾರದ ಅಳತೆಯಲ್ಲಲ್ಲ.

ಮೊದಲು ಪುದೀನ, ಏಕೆಂದರೆ ಮುಂದೆ ಶರಬತ್ತಿಗೂ ಬೇಕಾಗುತ್ತದೆ. ಅಡುಗೆಗೆ ತಂದ ಕಟ್ಟಿನಿಂದಲೇ ಗಿಡ ಮಾಡಬಹುದು. ಎಳೆಯದಾದರೂ ಗಟ್ಟಿಯಿರುವ ನಾಲ್ಕೈದು ಕಡ್ಡಿ ಆರಿಸಿ, ಒಂದೊಂದನ್ನೂ ಗೇಣಿಗಿಂತ ತುಸು ಕಡಿಮೆ ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಬೇರು ಹೊರಡುವುದು ಗೆಣ್ಣಿನಿಂದ. ಎರಡು ಗೆಣ್ಣಿನ ನಡುವೆ ಕತ್ತರಿಸಿದರೆ ಕೆಳಗಿನ ತುಂಡು ಸುಮ್ಮನೆ ಕೊಳೆಯುತ್ತದೆ. ಕೆಳಗಿನ ಎಲೆಗಳನ್ನೆಲ್ಲ ತೆಗೆದು, ತುದಿಯಲ್ಲಿ ನಾಲ್ಕೇ ಎಲೆ ಬಿಟ್ಟು, ಲೋಟದ ನೀರಿನಲ್ಲಿ ಬೆಳಕಿರುವ ಕಡೆ ಇಡಿ. ನೇರ ಬಿಸಿಲು ಬೇಡ. ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದರೆ ಒಂದೆರಡು ವಾರದಲ್ಲಿ ಬಿಳಿ ಬೇರು ಕಾಣುತ್ತದೆ. ಬೇರು ಎರಡು ಬೆರಳಗಲ ಉದ್ದವಾದಾಗ ಕುಂಡಕ್ಕೆ ಹಾಕಿ. ತೀರ ಉದ್ದ ಬೆಳೆಯಲು ಬಿಟ್ಟರೆ ನೀರಿಗೆ ಒಗ್ಗಿದ ಬೇರು ಮಣ್ಣಿನಲ್ಲಿ ತಡವಾಗಿ ಹಿಡಿಯುತ್ತದೆ.

ಕುಂಡ ಆಳಕ್ಕಿಂತ ಅಗಲವಾಗಿರಲಿ, ತಳದಲ್ಲಿ ತೂತು ಇರಲೇಬೇಕು. ಪುದೀನ ಮಣ್ಣಿನಡಿಯಲ್ಲಿ ಬಳ್ಳಿಬೇರು ಚಾಚಿ ಅಕ್ಕಪಕ್ಕದ ಗಿಡಗಳ ಜಾಗವನ್ನೂ ನುಂಗುವುದರಿಂದ ಅದಕ್ಕೆ ಒಂಟಿ ಕುಂಡವೇ ಸರಿ. ನೀರು ಹಾಕುವ ಮುನ್ನ ಮಣ್ಣಿಗೆ ಬೆರಳು ಚುಚ್ಚಿ ನೋಡಿ: ಮೊದಲ ಗೆಣ್ಣಿನವರೆಗೆ ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ದಿನಾ ಸ್ವಲ್ಪಸ್ವಲ್ಪ ಚಿಮುಕಿಸಿದರೆ ಮೇಲ್ಮಣ್ಣು ಮಾತ್ರ ನೆನೆದು, ಬೇರು ಮೇಲೆಯೇ ಉಳಿದು, ಮಧ್ಯಾಹ್ನದ ಬಿಸಿಲಿಗೆ ಗಿಡ ಬಾಡುತ್ತದೆ. ಗಿಡ ಒಂದು ಗೇಣು ಎತ್ತರವಾದಾಗ ತುದಿಯನ್ನು ಜೋಡಿ ಎಲೆಯ ಮೇಲಕ್ಕೆ ಚಿವುಟಿ. ಆ ಜಾಗದಲ್ಲಿ ಎರಡು ಕವಲು ಒಡೆಯುತ್ತದೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಯ್ಯಬೇಡಿ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಂಥ ಚುಕ್ಕೆ ಕಂಡರೆ ಅದು ತುಕ್ಕು ರೋಗ. ಆ ಕಡ್ಡಿಗಳನ್ನು ಬುಡದವರೆಗೆ ಕತ್ತರಿಸಿ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಹೂಬಿಡುವ ಮುಂಚಿನ ಎಲೆಯಲ್ಲಿ ಘಮ ಹೆಚ್ಚು. ಒಣಗಿಸಿಡುವುದಾದರೆ ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಕೊಯ್ಯಿರಿ. ಎಲೆ ಬಿಡಿಸಿ ಹತ್ತಿ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಗಾಳಿಯಾಡುವ ನೆರಳಲ್ಲಿ ಬಿಡಿ. ಬಿಸಿಲಿಗಿಟ್ಟರೆ ಬೇಗ ಒಣಗುವುದೇನೋ ನಿಜ, ಆದರೆ ಹಸಿರೂ ಹೋಗುತ್ತದೆ, ಘಮದ ಎಣ್ಣೆಯೂ ಹಾರಿಹೋಗುತ್ತದೆ. ಬೆರಳಲ್ಲಿ ಹಿಡಿದರೆ ಚುರುಚುರು ಎಂದು ಪುಡಿಯಾಗಬೇಕು. ಬಾಗಿದರೆ ಇನ್ನೂ ತೇವವಿದೆ. ಪುಡಿ ಮಾಡದೆ ಇಡೀ ಎಲೆಯನ್ನೇ ಗಾಜಿನ ಡಬ್ಬಿಗೆ ತುಂಬಿ. ಮೊದಲ ವಾರ ದಿನಕ್ಕೊಮ್ಮೆ ಡಬ್ಬಿಯ ಒಳಮೈ ನೋಡಿ, ಮಂಜು ಕಟ್ಟಿದ್ದರೆ ತಕ್ಷಣ ಹೊರಗೆ ಸುರಿದು ಮತ್ತೆ ಹರಡಿ. ಅಡುಗೆಗೆ ಹಾಕುವಾಗ ಹಸಿ ಎಲೆ ಮೂರು ಚಮಚ ಬೇಕಾದಲ್ಲಿ ಒಣಗಿದ್ದು ಒಂದು ಚಮಚ ಸಾಕು.

ನಿಂಬೆಯ ವಿಷಯಕ್ಕೆ ಬಂದರೆ ಹಣ್ಣು ಆರಿಸುವುದರಲ್ಲೇ ಅರ್ಧ ಕೆಲಸ. ಸಿಪ್ಪೆ ತೆಳುವಾಗಿ, ನಯವಾಗಿದ್ದು, ಗಾತ್ರಕ್ಕಿಂತ ಭಾರವೆನಿಸುವ ಹಣ್ಣಿನಲ್ಲಿ ರಸ ಹೆಚ್ಚು. ಶರಬತ್ತಿನ ಪಾಕಕ್ಕೆ ಅರ್ಧ ಕಿಲೋ ಸಕ್ಕರೆ, ಕಾಲು ಲೀಟರ್ ನೀರು, ಕಾಲು ಲೀಟರ್ ಸೋಸಿದ ರಸ. ಮೊದಲು ಮೂರು ಹಣ್ಣುಗಳ ಹಳದಿ ಸಿಪ್ಪೆಯನ್ನಷ್ಟೇ ಸಣ್ಣಗೆ ತುರಿದು, ಸಕ್ಕರೆಗೆ ಸೇರಿಸಿ ಬೆರಳ ತುದಿಯಲ್ಲಿ ಎರಡು ಮೂರು ನಿಮಿಷ ಉಜ್ಜಿ. ಸಕ್ಕರೆ ತಿಳಿಹಳದಿಯಾಗಿ, ಒದ್ದೆ ಮರಳಿನಂತೆ ಬೆರಳಿಗೆ ಅಂಟತೊಡಗುತ್ತದೆ, ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ಸಿಪ್ಪೆಯ ಎಣ್ಣೆ ಸಕ್ಕರೆಗೆ ಇಳಿದದ್ದರ ಗುರುತು ಅದು. ಈ ಒಂದು ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ, ಬರೀ ರಸದಿಂದ ಹುಳಿ ಬರುತ್ತದೆಯೇ ಹೊರತು ಆ ಪರಿಮಳ ಬರುವುದಿಲ್ಲ. ತುರಿಯುವಾಗ ಬಿಳಿ ಪದರ ಸೇರಿದರೆ ಮಾತ್ರ ಕಹಿ.

ಒಂದು ಗಂಟೆ ಮುಚ್ಚಿಟ್ಟು, ನೀರು ಸೇರಿಸಿ, ಸಕ್ಕರೆ ಕರಗಿ ಒಂದು ಕುದಿ ಬಂದೊಡನೆ ಇಳಿಸಿ. ಎಳೆ ಪಾಕ ಬರಿಸಬಾರದು, ತಣ್ಣಗಾದಾಗ ಹರಳುಗಟ್ಟುತ್ತದೆ. ಪಾಕ ಪೂರ್ತಿ ಆರಿದ ಮೇಲೆಯೇ ರಸ ಬೆರೆಸಿ ಸೋಸಿ. ಬಿಸಿಗೆ ಹಾಕಿದರೆ ರಸದ ತಾಜಾತನ ಹೋಗಿ ಬೇಯಿಸಿದ ರುಚಿ ಬರುತ್ತದೆ. ಕುದಿನೀರಲ್ಲಿ ತೊಳೆದು ಒಣಗಿಸಿದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವಾರ ಚೆನ್ನಾಗಿರುತ್ತದೆ. ಒಂದು ಪಾಲು ಪಾಕಕ್ಕೆ ನಾಲ್ಕು ಪಾಲು ತಣ್ಣೀರು, ಚಿಟಿಕೆ ಉಪ್ಪು, ಅಂಗೈಯಲ್ಲಿ ಒಮ್ಮೆ ತಟ್ಟಿದ ಪುದೀನ ಎಲೆ.

ಉಪ್ಪುನಿಂಬೆಗೆ ಒಂದು ಕಿಲೋ ಹಣ್ಣಿಗೆ 200 ಗ್ರಾಂ ಉಪ್ಪು. ಹಣ್ಣು ತೊಳೆದು ಒರೆಸಿ, ಬಟ್ಟೆಯ ಮೇಲೆ ಎರಡು ಗಂಟೆ ಆರಲು ಬಿಡಿ; ತೊಟ್ಟಿನ ಗುಳಿಯಲ್ಲಿ ಅಡಗಿದ ಹನಿಯನ್ನೂ ಒರೆಸಬೇಕು. ನಾಲ್ಕು ಹೋಳು ಮಾಡಿ, ಉಪ್ಪು ಬೆರೆಸಿ, ಗಾಜಿನ ಅಥವಾ ಪಿಂಗಾಣಿ ಭರಣಿಗೆ ಅದುಮಿ ತುಂಬಿ. ಲೋಹದ ಮುಚ್ಚಳ ಬೇಡ, ಹುಳಿ ಅದನ್ನು ತಿನ್ನುತ್ತದೆ. ದಿನಕ್ಕೊಮ್ಮೆ ಕುಲುಕಿ. ಮೂರನೇ ದಿನಕ್ಕೆ ಹೋಳುಗಳೆಲ್ಲ ರಸದಲ್ಲಿ ಮುಳುಗಿರಬೇಕು, ಇಲ್ಲದಿದ್ದರೆ ಇನ್ನೂ ಮೂರು ನಾಲ್ಕು ಹಣ್ಣಿನ ರಸ ಹಿಂಡಿ. ನೀರು ಹಾಕಿದರೆ ಉಪ್ಪೂ ಹುಳಿಯೂ ತೆಳುವಾಗಿ ಕಾಪಾಡುವ ಶಕ್ತಿ ಹೋಗುತ್ತದೆ. ಬೂಷ್ಟು ಹಿಡಿಯುವುದು ಯಾವಾಗಲೂ ರಸದಿಂದ ಮೇಲೆದ್ದ ಹೋಳಿಗೆ. ಬೂಷ್ಟು ಬಂದರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಆಸೆ ಬೇಡ, ಇಡೀ ಭರಣಿ ಚೆಲ್ಲಿ. ನಾಲ್ಕೈದು ವಾರಕ್ಕೆ ಸಿಪ್ಪೆ ಬೆರಳಿಗೆ ಮೆತ್ತಗೆ ಸಿಕ್ಕರೆ ಹದವಾಯಿತು.

ಹೂಜಿ ತಂಪಾಗುವುದು ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುವುದರಿಂದ. ಆದ್ದರಿಂದ ಅದನ್ನು ಮೂಲೆಯಲ್ಲಿ ಒತ್ತಿ ಇಡದೆ, ಕಾಲಿನ ಸ್ಟ್ಯಾಂಡ್ ಮೇಲೆ, ಗಾಳಿ ಸುತ್ತಲೂ ಆಡುವ ನೆರಳಲ್ಲಿಡಿ. ಹವೆಯಲ್ಲೇ ತೇವ ತುಂಬಿರುವ ದಿನ ಅಷ್ಟು ತಂಪಾಗದು, ಹೂಜಿಯ ದೋಷವಲ್ಲ. ಹೊಸದನ್ನು ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ಮೊದಲ ಎರಡು ಸಲದ ನೀರು ಗಿಡಕ್ಕೆ ಹಾಕಿ. ಸೋಪು ಮುಟ್ಟಿಸಬೇಡಿ, ಮಣ್ಣು ಅದನ್ನು ಹೀರಿ ನೀರಿಗೆ ಬಿಡುತ್ತದೆ. ನಾರಿನ ಬ್ರಷ್ಷು, ಬಿಸಿನೀರು ಸಾಕು. ಗಡಸು ನೀರಿನ ಬಿಳಿ ಪದರ ಹೊರಮೈಗೆ ಕಟ್ಟಿ ರಂಧ್ರ ಮುಚ್ಚಿದರೆ ನಿಂಬೆ ಹೋಳಿನಿಂದ ಉಜ್ಜಿ ತೊಳೆಯಿರಿ.

ಹೂದಾನಿಯ ಹೂವಿಗೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ ಹಾಕಿ. ಸಕ್ಕರೆ ಹೂವಿಗೆ ಆಹಾರ, ಹುಳಿ ಸೂಕ್ಷ್ಮಾಣುಗಳಿಗೆ ಕಡಿವಾಣ. ಸಕ್ಕರೆ ಒಂದನ್ನೇ ಹಾಕಿದರೆ ನೀರು ಬೇಗ ನಾರುತ್ತದೆ. ನೀರಿನೊಳಗೆ ಎಲೆ ಮುಳುಗಬಾರದು. ಎರಡು ದಿನಕ್ಕೊಮ್ಮೆ ನೀರು ಬದಲಿಸುವಾಗ ತೊಟ್ಟಿನ ತುದಿಯನ್ನು ಒಂದು ಬೆರಳಗಲ ಓರೆಯಾಗಿ ಕತ್ತರಿಸಿ. ಹಣ್ಣಿನ ಬುಟ್ಟಿಯ ಪಕ್ಕ ಇಡಬೇಡಿ, ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಹೂವು ಬೇಗ ಉದುರುತ್ತದೆ.

ದಿಂಬು, ಹತ್ತಿಯ ಹೊದಿಕೆಗಳನ್ನು ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲಿಗೆ ಹಾಕಿ, ನಡುವೆ ಒಮ್ಮೆ ಮಗುಚಿ. ಬಣ್ಣದ ಹೊದಿಕೆಯ ಒಳಮಗ್ಗುಲು ಬಿಸಿಲಿಗಿರಲಿ. ರೇಷ್ಮೆ, ಉಣ್ಣೆಗೆ ನೆರಳೇ ಸರಿ. ಸಂಜೆಗೆ ಬಿಡಬೇಡಿ, ತಣ್ಣಗಾಗುತ್ತಿರುವ ಗಾಳಿಯ ತೇವವನ್ನು ಹತ್ತಿ ಮತ್ತೆ ಹೀರುತ್ತದೆ. ಒಳಗೆ ತಂದ ಕೂಡಲೇ ಬಿಸಿಬಿಸಿಯಾಗಿ ಮಡಚಿ ಪೆಟ್ಟಿಗೆಗೆ ತುಂಬಿದರೂ ಮುಗ್ಗಲು ವಾಸನೆ ಬರುತ್ತದೆ. ಕೋಣೆಯಲ್ಲಿ ಅರ್ಧ ಗಂಟೆ ಬಿಡಿಸಿಟ್ಟು, ಮುಟ್ಟಿದರೆ ತಣ್ಣಗಿದೆ ಅನಿಸಿದ ಮೇಲೆ ಮಡಚಿ.