ನಾಯಿಯ ಊಟ: ಮೊದಲು ಅಳತೆ, ಆಮೇಲೆ ಆಯ್ಕೆ

ನಾಯಿಗೆ ಯಾವ ಆಹಾರ ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಹಾಕಬೇಕು ಎಂದು ಕೇಳುವವರು ಕಡಿಮೆ. ಕೇಳಬೇಕಾದ ಮೊದಲ ಪ್ರಶ್ನೆ ಅದೇ. 48 ಲ್ಯಾಬ್ರಡಾರ್‌ಗಳನ್ನು ಮರಿಯಾಗಿದ್ದಾಗಿನಿಂದ ಸಾಯುವವರೆಗೂ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಊಟ ಕೊಟ್ಟಿದ್ದರು. ಆಹಾರ ಎರಡಕ್ಕೂ ಒಂದೇ. ಕಡಿಮೆ ತಿಂದ ಗುಂಪು ಸುಮಾರು 1.8 ವರ್ಷ ಹೆಚ್ಚು ಬದುಕಿತು, ಅವುಗಳಿಗೆ ಕೀಲುಬೇನೆಯೂ ತಡವಾಗಿ ಬಂತು.

ಲೆಕ್ಕ ಹಾಕಲು ಸಾದಾ ಕ್ಯಾಲ್ಕುಲೇಟರ್ ಸಾಕು. ನಾಯಿಯ ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ತೆಗೆದು, 70ರಿಂದ ಗುಣಿಸಿ. 10 ಕಿಲೋ ನಾಯಿಗೆ 10×10×10 ಅಂದರೆ 1000. ಅದರ ವರ್ಗಮೂಲ 31.6, ಮತ್ತೊಮ್ಮೆ ತೆಗೆದರೆ 5.62. ಅದನ್ನು 70ರಿಂದ ಗುಣಿಸಿದರೆ ಸುಮಾರು 394 ಕಿಲೋಕ್ಯಾಲೊರಿ. ಇದು ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವಷ್ಟು. ಸಂತಾನಹರಣ ಚಿಕಿತ್ಸೆಯಾದ ವಯಸ್ಕ ನಾಯಿಗೆ ಇದರ 1.6 ಪಟ್ಟು, ಅಂದರೆ 630. ಚಿಕಿತ್ಸೆಯಾಗದ ನಾಯಿಗೆ 1.8 ಪಟ್ಟು. ನಾಲ್ಕು ತಿಂಗಳೊಳಗಿನ ಮರಿಗೆ 3 ಪಟ್ಟು, ಅಲ್ಲಿಂದ ಬೆಳವಣಿಗೆ ಮುಗಿಯುವವರೆಗೆ ಸುಮಾರು 2 ಪಟ್ಟು. ದಪ್ಪಗಾದ ನಾಯಿಗೆ ಈಗಿನ ತೂಕವನ್ನು ಬಿಟ್ಟು, ಇರಬೇಕಾದ ತೂಕವನ್ನು ಹಿಡಿದು ಲೆಕ್ಕ ಹಾಕಿ, ಪಟ್ಟನ್ನು 1ಕ್ಕೆ ಇಳಿಸಿ.

ಇನ್ನು ಪೊಟ್ಟಣ ನೋಡಿ. 100 ಗ್ರಾಂ ಒಣ ಆಹಾರದಲ್ಲಿ 350 ಕಿಲೋಕ್ಯಾಲೊರಿ ಇದ್ದರೆ 630ಕ್ಕೆ 180 ಗ್ರಾಂ ಬೇಕು. ಬಿಸ್ಕತ್ತು, ತಟ್ಟೆಯಿಂದ ಕೊಡುವ ತುತ್ತು ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇ 10 ಮೀರಬಾರದು. ಅವನ್ನು ಕೊಡುವ ದಿನ ಊಟ 162 ಗ್ರಾಂಗೆ ಇಳಿಯಬೇಕು. ಕಪ್‌ನಲ್ಲಿ ಅಳೆಯಬೇಡಿ: ಒಬ್ಬರು ಸಮತಟ್ಟಾಗಿ ತುಂಬುತ್ತಾರೆ, ಇನ್ನೊಬ್ಬರು ಗೋಪುರ ಮಾಡುತ್ತಾರೆ. ಚಿಕ್ಕ ನಾಯಿಗೆ ದಿನಕ್ಕೆ 20 ಗ್ರಾಂ ವ್ಯತ್ಯಾಸವೂ ದೊಡ್ಡದೇ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬೆಳಿಗ್ಗೆಯೇ ಇಡೀ ದಿನದ ಪಾಲನ್ನು ತೂಗಿ ಡಬ್ಬಿಗೆ ಹಾಕಿಟ್ಟರೆ ಮನೆಯಲ್ಲಿ ಯಾರು ಹಾಕಿದರೂ ಲೆಕ್ಕ ತಪ್ಪುವುದಿಲ್ಲ.

ಈ ಸಂಖ್ಯೆ ಆರಂಭಕ್ಕೆ ಮಾತ್ರ. ಒಂದೇ ತೂಕದ ಎರಡು ನಾಯಿಗಳ ಅಗತ್ಯದಲ್ಲಿ ಸಾಕಷ್ಟು ಅಂತರ ಇರುತ್ತದೆ. ಸರಿಯೋ ತಪ್ಪೋ ಎಂಬುದನ್ನು ಪಕ್ಕೆಲುಬು ಹೇಳುತ್ತದೆ. ನಿಮ್ಮ ಕೈಯನ್ನು ಚಪ್ಪಟೆಯಾಗಿ ಚಾಚಿ, ಅಂಗೈ ಹಿಂಬದಿಯ ಮೂಳೆಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ನಾಯಿಯ ಪಕ್ಕೆ ಹಾಗೇ ಸಿಕ್ಕಬೇಕು: ಕಣ್ಣಿಗೆ ಎದ್ದು ಕಾಣದೆ, ಒತ್ತದೆಯೇ ಬೆರಳಿಗೆ ತಿಳಿಯುವಂತೆ. ಮುಷ್ಟಿಯ ಗೆಣ್ಣಿನಂತೆ ಚುಚ್ಚಿದರೆ ಬಡಕಲು. ಅಂಗೈಯಂತೆ ಮೆತ್ತಗಿದ್ದು ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚಾಗಿದೆ. ಮೇಲಿನಿಂದ ನೋಡಿದಾಗ ಸೊಂಟ ಒಳಸರಿದಿರಬೇಕು, ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂದಕ್ಕೆ ಹೋಗುತ್ತಾ ಮೇಲೇರಬೇಕು. ಉದ್ದ ಕೂದಲಿನ ನಾಯಿಯಲ್ಲಿ ಕಣ್ಣನ್ನು ನಂಬಬೇಡಿ, ಕೈಯನ್ನೇ ನಂಬಿ. ಎರಡು ವಾರಕ್ಕೊಮ್ಮೆ ಮುಟ್ಟಿ ನೋಡಿ, ಬೇಕಾದರೆ ಊಟವನ್ನು ಶೇ 10ರಷ್ಟು ಏರಿಸಿ ಅಥವಾ ಇಳಿಸಿ.

ಪೊಟ್ಟಣದ ಮುಂಭಾಗದ ಚಿತ್ರದಿಂದ ಏನೂ ತಿಳಿಯುವುದಿಲ್ಲ. ಹಿಂಭಾಗದಲ್ಲಿ 'ಸಂಪೂರ್ಣ ಮತ್ತು ಸಮತೋಲಿತ' ಎಂದಿದೆಯೇ, ಯಾವ ವಯಸ್ಸಿಗೆ ಎಂದಿದೆಯೇ ನೋಡಿ. 'ಪೂರಕ ಆಹಾರ' ಎಂದಿದ್ದರೆ ಅದೊಂದನ್ನೇ ನಿತ್ಯದ ಊಟವಾಗಿ ಕೊಡಬಾರದು. ಪದಾರ್ಥಗಳ ಪಟ್ಟಿ ಬೇಯಿಸುವ ಮುಂಚಿನ ತೂಕದ ಕ್ರಮದಲ್ಲಿರುತ್ತದೆ. ಹಸಿ ಮಾಂಸದಲ್ಲಿ ನೀರೇ ಹೆಚ್ಚಿರುವುದರಿಂದ ಅದು ಸುಲಭವಾಗಿ ಮೊದಲ ಸ್ಥಾನಕ್ಕೆ ಬಂದುಬಿಡುತ್ತದೆ. ಪ್ರೋಟೀನ್ ಹೋಲಿಸುವಾಗಲೂ ಇದೇ ನೀರು ದಾರಿ ತಪ್ಪಿಸುತ್ತದೆ. ಡಬ್ಬಿ ಆಹಾರದಲ್ಲಿ ಪ್ರೋಟೀನ್ ಶೇ 8, ಒಣ ಆಹಾರದಲ್ಲಿ ಶೇ 22 ಎಂದಿದ್ದರೆ ಡಬ್ಬಿಯದು ಕಳಪೆ ಎನಿಸುತ್ತದೆ. ಡಬ್ಬಿಯಲ್ಲಿ ತೇವಾಂಶ ಶೇ 78 ಇದ್ದರೆ ಉಳಿದ 22 ಭಾಗದಲ್ಲಿ 8 ಭಾಗ ಪ್ರೋಟೀನ್, ಅಂದರೆ ಶೇ 36. ಒಣದ್ದರಲ್ಲಿ ತೇವಾಂಶ ಶೇ 10 ಇದ್ದರೆ ಉಳಿದ 90 ಭಾಗಕ್ಕೆ 22, ಅಂದರೆ ಶೇ 24. ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘವಾದ ಆಫ್ಕೋದ (AAFCO) ಮಾನದಂಡದಲ್ಲಿ ನೀರು ಕಳೆದ ಲೆಕ್ಕಕ್ಕೆ ವಯಸ್ಕ ನಾಯಿಗೆ ಕನಿಷ್ಠ ಶೇ 18, ಮರಿಗೆ ಶೇ 22.5 ಪ್ರೋಟೀನ್ ಬೇಕು.

ಮನೆಯಲ್ಲೇ ಬೇಯಿಸಿ ಹಾಕುವ ಆಸೆ ಒಳ್ಳೆಯದೇ. ಆದರೆ ಬರೀ ಅನ್ನ, ಮಾಂಸ, ತರಕಾರಿ ಹಾಕಿದರೆ ಮೊದಲು ಕೊರತೆ ಬೀಳುವುದು ಕ್ಯಾಲ್ಸಿಯಂ. 100 ಗ್ರಾಂ ಮೂಳೆಯಿಲ್ಲದ ಕೋಳಿಮಾಂಸದಲ್ಲಿ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ, ರಂಜಕ ಸುಮಾರು 200 ಮಿಲಿಗ್ರಾಂ. ನಾಯಿಗೆ ಬೇಕಾದದ್ದು ರಂಜಕದಷ್ಟೇ ಅಥವಾ ಅದರ ಇಮ್ಮಡಿಯವರೆಗೆ ಕ್ಯಾಲ್ಸಿಯಂ. ಕೊರತೆಯಾದಾಗ ದೇಹ ಮೂಳೆಯಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಮರಿಗಳಲ್ಲಿ ಕಾಲು ಸೊಟ್ಟಗಾಗುತ್ತದೆ, ಮೂಳೆ ಸುಲಭವಾಗಿ ಮುರಿಯುತ್ತದೆ. 1000 ಕಿಲೋಕ್ಯಾಲೊರಿಗೆ 1.25 ಗ್ರಾಂ ಕ್ಯಾಲ್ಸಿಯಂ ವಯಸ್ಕ ನಾಯಿಯ ಕನಿಷ್ಠ ಅಗತ್ಯ. ನಮ್ಮ 10 ಕಿಲೋ ನಾಯಿಗೆ ಅದು ಸುಮಾರು 0.8 ಗ್ರಾಂ, ಅಂದರೆ 2 ಗ್ರಾಂನಷ್ಟು ಮೊಟ್ಟೆ ಚಿಪ್ಪಿನ ಪುಡಿ. ಚಿಪ್ಪನ್ನು ಕುದಿಸಿ, ಪೂರ್ತಿ ಒಣಗಿಸಿ, ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಬೇಕು. ಇಷ್ಟಕ್ಕೇ ಊಟ ಸಂಪೂರ್ಣವಾಗುವುದಿಲ್ಲ: ಸತು, ಅಯೋಡಿನ್, ವಿಟಮಿನ್ ಡಿ ಮತ್ತು ಇ ಸಹ ಕಡಿಮೆ ಬೀಳುತ್ತವೆ. ತಿಂಗಳುಗಟ್ಟಲೆ ಮನೆಯೂಟವೇ ಎಂದಾದರೆ ಪಶುವೈದ್ಯರಿಂದ ಗ್ರಾಂ ಲೆಕ್ಕದ ಪಾಕ ಬರೆಸಿಕೊಳ್ಳಿ, ಅದರಲ್ಲಿ ಏನನ್ನೂ ಬದಲಿಸಬೇಡಿ.

ದೊಡ್ಡ ತಳಿಯ ಮರಿಗೆ ತದ್ವಿರುದ್ಧ ಅಪಾಯ. ಮರಿಯ ಕರುಳಿಗೆ ಹೆಚ್ಚುವರಿ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. 'ದೊಡ್ಡ ತಳಿಯ ಮರಿಗಳಿಗೆ' ಎಂದು ತಯಾರಿಸಿದ ಆಹಾರ ಕೊಟ್ಟು, ಮೇಲಿಂದ ಕ್ಯಾಲ್ಸಿಯಂ ಸಿರಪ್ ಕೂಡ ಕುಡಿಸಿದರೆ ಮೂಳೆ ಮತ್ತು ಕೀಲು ಅಂಕುಡೊಂಕಾಗಿ ಬೆಳೆಯಬಹುದು. ಆ ಸಿರಪ್ ದಯವಿಟ್ಟು ಬೇಡ.

ಹೊಸ ಆಹಾರಕ್ಕೆ ಒಂದೇ ದಿನದಲ್ಲಿ ಹಾರಬೇಡಿ. ಮೊದಲ ಎರಡು ದಿನ ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ 7ರಿಂದ 10 ದಿನ. ಮಲ ಸಡಿಲವಾದರೆ ಹಿಂದಿನ ಹಂತಕ್ಕೆ ಮರಳಿ ಎರಡು ದಿನ ನಿಲ್ಲಿ. ಆಕಾರ ಉಳಿಸಿಕೊಂಡು, ಎತ್ತಿದರೆ ನೆಲಕ್ಕೆ ಹೆಚ್ಚು ಅಂಟದ ಮಲ ಬರುತ್ತಿದ್ದರೆ ಆಹಾರ ಒಗ್ಗಿದೆ.

ಕೆಲವನ್ನು ಮಾತ್ರ ಒಂದು ತುಣುಕೂ ಕೊಡಬಾರದು. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ನಮ್ಮ ಸಾರಿನ ಉಳಿಕೆ ನಾಯಿಗಲ್ಲ. ಚಾಕೊಲೇಟ್ ಹೃದಯಕ್ಕೆ ಅಪಾಯ, ಕಪ್ಪಾದಷ್ಟೂ ಹೆಚ್ಚು. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನ ಕ್ಸೈಲಿಟಾಲ್ ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆಯನ್ನು ಕುಸಿಸಬಲ್ಲದು. ಬೆಂದ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚಬಹುದು. ಇವುಗಳಲ್ಲಿ ಯಾವುದನ್ನಾದರೂ ತಿಂದಿದ್ದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ, ಉಪ್ಪೇ ವಿಷವಾಗಬಹುದು. ಏನು ತಿಂದಿತು, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು ಎಂಬ ನಾಲ್ಕು ಸಂಗತಿ ಹೇಳಿ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ಹೋಗುವಾಗ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.