ಏರ್ ಲಾಕರ್‌ಗೆ ರೆಗ್ಯುಲೇಟರ್ ಯಾಕೆ ಅಂದವರಿಗೆ – ನನ್ನ ಅನುಭವ

ಏರ್ ಲಾಕರ್ ಅಂದರೆ ಗಾಳಿಯ ಒತ್ತಡದಿಂದ ಡಿಫ್ (ಡಿಫರೆನ್ಷಿಯಲ್, ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಲಾಕ್ ಮಾಡಿ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸಾಧನ. ರೆಗ್ಯುಲೇಟರ್ ಅದಕ್ಕೆ ಹೋಗುವ ಒತ್ತಡವನ್ನು ಇಳಿಸಿ ಹಿಡಿದಿಡುತ್ತದೆ. ನನ್ನ ಗಾಡಿಯಲ್ಲಿ ಒಂದೇ ಕಂಪ್ರೆಸರ್, ಒಂದೇ ಟ್ಯಾಂಕ್. ಟೈರಿಗೆ ಗಾಳಿ ಹೊಡೆಯುವ ಕಡೆಗೆ 145 ಪಿಎಸ್‌ಐ, ಹಿಂದಿನ ಚಕ್ರಗಳ ಲಾಕರ್‌ಗೆ 95. ಹದಿನಾಲ್ಕು ತಿಂಗಳಾಯಿತು, ಒಂದು ಸಲವೂ ಕೈ ಕೊಟ್ಟಿಲ್ಲ. ‘ಇದೆಲ್ಲ ಆಗೋ ಮಾತಲ್ಲ, ಸುಮ್ನೆ ಪ್ರೆಶರ್ ಸ್ವಿಚ್ಚನ್ನು 100ಕ್ಕೆ ಇಳಿಸು’ ಅಂದವರು ನಾಲ್ಕೈದು ಜನ ಇದ್ದರು. ಈಗ ಅವರಲ್ಲಿ ಇಬ್ಬರು ನನ್ನ ಬಾನೆಟ್ ಎತ್ತಿ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಟ್ಯಾಂಕ್ ತುಂಬಿದಾಗ ಕಂಪ್ರೆಸರನ್ನು ನಿಲ್ಲಿಸುವ ಆ ಸ್ವಿಚ್ಚನ್ನು ಇಳಿಸಲಿಲ್ಲ ಯಾಕೆ? ರಿಮ್‌ನಿಂದ ಕಳಚಿದ ಟೈರನ್ನು ಮತ್ತೆ ಕೂರಿಸಿ ನೋಡಿದವರಿಗೆ ಗೊತ್ತು. ಆಗ ಬೇಕಾಗುವುದು ಒಮ್ಮೆಗೇ ನುಗ್ಗುವ ಗಾಳಿ. ನನ್ನದು 9 ಲೀಟರ್ ಟ್ಯಾಂಕ್. ಅದನ್ನು 100ಕ್ಕೇ ನಿಲ್ಲಿಸಿದರೆ ಟೈರ್ ಉಸ್ ಅನ್ನುತ್ತದೆ, ಕೂರುವುದಿಲ್ಲ. ಮಾಮೂಲಿ ಗಾಳಿ ತುಂಬುವುದಕ್ಕೆ ಇಂಥ ಟ್ಯಾಂಕ್‌ನಿಂದ ದೊಡ್ಡ ಉಪಕಾರವೇನೂ ಇಲ್ಲ, ಅದನ್ನು ಒಪ್ಪುತ್ತೇನೆ. ದೊಡ್ಡ ಟೈರೊಂದು ಅದನ್ನು ಒಂದೇ ಗುಟುಕಿಗೆ ಕುಡಿದು ಮುಗಿಸುತ್ತದೆ.

ಹಾಗಾದರೆ 145 ಅನ್ನೇ ನೇರ ಲಾಕರ್‌ಗೆ ಕೊಟ್ಟರೆ? ಕೊಟ್ಟು ನೋಡಿದೆ. ಸುಮಾರು ಮೂರು ತಿಂಗಳು ‘ನೋಡಿ, ಏನೂ ಆಗಿಲ್ಲ’ ಅಂತ ಓಡಾಡಿದೆ. ಒಂದು ದಿನ ಸೊಲೆನಾಯ್ಡ್‌ನ (ಲಾಕರ್‌ಗೆ ಗಾಳಿ ಬಿಡುವ, ತಡೆಯುವ ಕರೆಂಟ್ ವಾಲ್ವ್) ಎಕ್ಸಾಸ್ಟ್ ತೂತಿನ ಕೆಳಗೆ ಗೇರ್ ಆಯಿಲ್ ಹನಿ ಕಾಣಿಸಿತು. ಆ ವಾಸನೆ ಗೊತ್ತಲ್ಲ, ಬಟ್ಟೆಗೆ ಹತ್ತಿದರೆ ವಾರ ಬಿಡುವುದಿಲ್ಲ. ಲಾಕರ್‌ಗೆ ಗಾಳಿ ಸೇರುವ ಕಡೆಯ ಸೀಲ್ ಹೌಸಿಂಗ್‌ನ ಒ-ರಿಂಗ್ (ರಬ್ಬರ್ ಉಂಗುರ) ಸವೆದಿತ್ತು. ಲಾಕ್ ಆದಾಗ ಗಾಳಿ ಡಿಫ್ ಒಳಗೆ ನುಸುಳುತ್ತಿತ್ತು, ಬಿಟ್ಟಾಗ ಎಣ್ಣೆ ಅದೇ ಟ್ಯೂಬಿನಲ್ಲಿ ವಾಪಸ್ ಬರುತ್ತಿತ್ತು. ನನ್ನ ಲಾಕರ್ ಜೊತೆ ಬಂದ ಕಾಗದದಲ್ಲಿ ಮೇಲಿನ ಮಿತಿ 105 ಅಂತ ಸ್ಪಷ್ಟವಾಗಿಯೇ ಇತ್ತು. ನಿಮ್ಮದರಲ್ಲಿ ಎಷ್ಟಿದೆ ಅಂತ ಮೊದಲು ನೋಡಿ. ಎರಡು ಒ-ರಿಂಗ್‌ಗೆ ಕೊಟ್ಟದ್ದು ಚಿಲ್ಲರೆ ಕಾಸು. ಡಿಫ್‌ನ ಕ್ಯಾರಿಯರ್ ಹೊರಗೆ ತೆಗೆದು, ಬೇರಿಂಗ್ ಎಳೆದು, ಶಿಮ್ (ತೆಳು ಬಿಲ್ಲೆ) ಹಾಕಿ ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಂದು) ಮತ್ತೆ ಕೂರಿಸುವುದಕ್ಕೆ ಕೊಟ್ಟ ಕೂಲಿ ಅದರ ನೂರು ಪಟ್ಟಾದರೂ ಇರಬೇಕು. ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಅಲ್ಲೇ.

ಆಮೇಲೆ ರೆಗ್ಯುಲೇಟರ್ ತಂದೆ. ಮೊದಲನೆಯದು ಅಗ್ಗದ್ದು, ಕೆಳಗೆ ನೀರು ಹಿಡಿಯುವ ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲು ಇದ್ದದ್ದು. ಬ್ರಾಕೆಟ್‌ನ ಬೋಲ್ಟ್ ಸಡಿಲವಾಗಬಾರದು ಅಂತ ಥ್ರೆಡ್ ಲಾಕರ್ ಅನ್ನುವ ಅಂಟನ್ನು ಧಾರಾಳವಾಗಿ ಸುರಿದೆ. ಅದು ಬಟ್ಟಲಿನ ಮೇಲೆ ಇಳಿದಿದೆ, ನಾನು ನೋಡಲಿಲ್ಲ. ಆ ಅಂಟು ಬಟ್ಟಲಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ಗೆ ವಿಷ. ಎರಡೇ ವಾರದಲ್ಲಿ ಕೂದಲೆಳೆಯಂಥ ಬಿರುಕುಗಳು, ಒಂದು ಬೆಳಗ್ಗೆ ಪಟ್ ಅಂತ ಸದ್ದು. ನನ್ನ ಮುಖ ಅಲ್ಲಿ ಇರಲಿಲ್ಲ, ಪುಣ್ಯ. ಈಗ ಇರುವುದು ಲೋಹದ ಬಟ್ಟಲು.

ಎರಡನೆಯದಕ್ಕೆ ದುಡ್ಡು ಸುರಿದೆ. ಪ್ರಿಸಿಷನ್ ರೆಗ್ಯುಲೇಟರ್, ಕೈಯಲ್ಲಿ ಹಿಡಿದರೆ ಗಡಿಯಾರ ಹಿಡಿದಂತೆ. ಮುಳ್ಳು ಅಲ್ಲಾಡುವುದಿಲ್ಲ, ಅಷ್ಟು ಕರಾರುವಾಕ್ಕು. ಆದರೆ ಅದು ಕೆಲಸ ಮಾಡುವ ರೀತಿಯೇ ಹಾಗೆ, ಒಂದು ಸಣ್ಣ ತೂತಿನಿಂದ ಸದಾ ಗಾಳಿ ಬಿಡುತ್ತಿರುತ್ತದೆ. ಕಾರ್ಖಾನೆಯಲ್ಲಿ ಅದು ಲೆಕ್ಕಕ್ಕಿಲ್ಲ. ನನ್ನ ಗಾಡಿಯಲ್ಲಿ ಅರ್ಧ ಗಂಟೆಗೊಮ್ಮೆ ಕಂಪ್ರೆಸರ್ ತಾನಾಗಿ ಎದ್ದು ಗುರ್ ಅನ್ನುತ್ತಿತ್ತು. ಕಂಪ್ರೆಸರ್ ಸ್ವಿಚ್ ಆಫ್ ಮಾಡದೆ ಮಲಗಿದ ರಾತ್ರಿ ಬ್ಯಾಟರಿ ಖಾಲಿ. ಮೂರು ದಿನ ಟ್ಯಾಂಕ್‌ನ ಒಂದೊಂದು ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ ಲೀಕ್ ಹುಡುಕಿದೆ. ಲೀಕ್ ಇರಲಿಲ್ಲ, ನಾನು ದುಡ್ಡು ಕೊಟ್ಟು ತಂದ ವಸ್ತುವೇ ಲೀಕ್.

ಮೂರನೆಯದು ಮಾಮೂಲಿ ರಿಲೀವಿಂಗ್ ಜಾತಿಯದು, ಅಂದರೆ ಮುಂದಿನ ಕಡೆ ಒತ್ತಡ ಮಿತಿ ಮೀರಿದಾಗ ಮಾತ್ರ ಹೆಚ್ಚಿನ ಗಾಳಿಯನ್ನು ಹೊರಗೆ ಬಿಡುವಂಥದ್ದು. ಎರಡನೆಯದರ ಕಾಲು ಭಾಗ ಬೆಲೆ. ಅದನ್ನು ತಂದು ನಾನು ಮಾಡಿದ ಘನಕಾರ್ಯ ಅಂದರೆ ಸೊಲೆನಾಯ್ಡ್ ಆದ ಮೇಲೆ ಹಾಕಿದ್ದು. ಡಿಫ್ ಹತ್ತಿರ ಇದ್ದರೆ ಒಳ್ಳೆಯದು ಅನ್ನುವ ತರ್ಕ. ಲಾಕ್ ಚೆನ್ನಾಗಿ ಆಯಿತು. ಸ್ವಿಚ್ ಆಫ್ ಮಾಡಿದೆ, ಸೊಲೆನಾಯ್ಡ್ ತನ್ನ ಕಡೆಯ ಗಾಳಿಯನ್ನು ಪುಸಕ್ ಅಂತ ಬಿಟ್ಟಿತು. ಲಾಕರ್ ಮಾತ್ರ ಬಿಡಲಿಲ್ಲ. ಗಟ್ಟಿ ನೆಲದ ಮೇಲೆ ತಿರುಗಿಸಿದರೆ ಗಾಡಿ ನೆಟ್ಟಗೆ ಹೋಗಲು ಹಟ ಮಾಡುತ್ತಿದೆ, ಒಳಗಿನ ಟೈರ್ ಕಿರುಚುತ್ತಿದೆ. ರೆಗ್ಯುಲೇಟರ್ ಗಾಳಿಯನ್ನು ಮುಂದಕ್ಕೆ ಬಿಡುತ್ತದೆ, ಹಿಂದಕ್ಕೆ ಸಲೀಸಾಗಿ ಬಿಡುವುದಿಲ್ಲ. ಲಾಕರ್ ಒಳಗಿನ ಸ್ಪ್ರಿಂಗ್ ಪಾಪ ಎಷ್ಟು ಅಂತ ತಳ್ಳುತ್ತದೆ? ಕೊನೆಗೆ ಫಿಟಿಂಗ್‌ನಿಂದ ಟ್ಯೂಬ್ ಕಿತ್ತು ಮನೆಗೆ ಬಂದೆ.

ಅಂದ ಮೇಲೆ ಸಾಲು ಹೀಗೆ: ಟ್ಯಾಂಕ್, ನೀರು ಹಿಡಿಯುವ ಫಿಲ್ಟರ್, ರೆಗ್ಯುಲೇಟರ್, ಗೇಜ್, ಸೊಲೆನಾಯ್ಡ್, ಲಾಕರ್. ಕಂಪ್ರೆಸರ್‌ನ ಪ್ರೆಶರ್ ಸ್ವಿಚ್ ಟ್ಯಾಂಕ್ ಕಡೆಯೇ ಇರಬೇಕು. ಒಬ್ಬ ಗೆಳೆಯ ಅದನ್ನು ರೆಗ್ಯುಲೇಟರ್ ಆದ ಮೇಲೆ, 95ರ ಕಡೆ ಹಾಕಿಕೊಂಡು, ಕಂಪ್ರೆಸರ್ ಯಾಕೆ ನಿಲ್ಲುತ್ತಿಲ್ಲ ಅಂತ ನನ್ನನ್ನೇ ಕೇಳಿದ. ಸೇಫ್ಟಿ ವಾಲ್ವ್ ಇದ್ದದ್ದರಿಂದ ಬಚಾವಾದ.

ರಿಲೀವಿಂಗ್ ಜಾತಿಯದೇ ಬೇಕು ಅನ್ನುವುದಕ್ಕೆ ಕಾರಣ ಇದೆ. ಉದ್ದದ ಏರಿನಲ್ಲಿ ಲಾಕ್ ಹಾಕಿಕೊಂಡೇ ಹೋದರೆ ಡಿಫ್ ಬಿಸಿಯಾಗುತ್ತದೆ, ಒಳಗಿನ ಗಾಳಿಯೂ ಹಿಗ್ಗುತ್ತದೆ. ನಾನ್-ರಿಲೀವಿಂಗ್ ಒಂದನ್ನು ಎರವಲು ತಂದು ಹಾಕಿ ನೋಡಿದ್ದೆ. 95 ಇದ್ದದ್ದು ಮೇಲೆ ತಲುಪುವ ಹೊತ್ತಿಗೆ 103ರ ಹತ್ತಿರ ಹೋಗಿತ್ತು. ಈಗಿನದು ಚಿಸ್ ಅಂತ ಹೆಚ್ಚಿನದನ್ನು ಉಗುಳಿ ಸುಮ್ಮನಾಗುತ್ತದೆ.

ಒಂದು ಭಾನುವಾರ ಕಂಪ್ರೆಸರ್ ಆಫ್ ಮಾಡಿ, ತುಂಬಿದ ಟ್ಯಾಂಕ್‌ನಿಂದ ಎಷ್ಟು ಸಲ ಲಾಕ್ ಆಗುತ್ತದೆ ಅಂತ ಎಣಿಸಿದೆ. ಪ್ರತಿ ಸಲಕ್ಕೆ ಟ್ಯಾಂಕ್‌ನಲ್ಲಿ ಒಂದು ಪಿಎಸ್‌ಐ ಆಸುಪಾಸು ಇಳಿಯುತ್ತಿತ್ತು. ನಲವತ್ತು ದಾಟಿದ ಮೇಲೆ ಬೇಸರ ಬಂದು ನಿಲ್ಲಿಸಿದೆ. ಹಾಗೇ ಇನ್ನೊಂದು ಹುಚ್ಚು: ಸ್ಟೆಪ್ನಿಯ ಗಾಳಿಯಿಂದ ಲಾಕ್ ಆಗುತ್ತದಾ? 35 ಪಿಎಸ್‌ಐಗೆ ಅದು ಅರ್ಧಂಬರ್ಧ ಸೇರಿ ಕಟ ಕಟ ಅಂದಿತು, ತಕ್ಷಣ ಬಿಟ್ಟೆ. ನೀವು ಮಾಡಬೇಡಿ, ಲಾಕರ್‌ನ ಹಲ್ಲು ಹೋಗುತ್ತದೆ. ಆದರೆ ಸೈಕಲ್‌ಗೆ ಹೊಡೆಯುವ ನಿಲುವು ಪಂಪ್ ಕೆಲಸ ಮಾಡಿತು! ಟ್ಯೂಬಿನಲ್ಲಿ ಒಂದು ಟೈರ್ ವಾಲ್ವ್ ಸೇರಿಸಿಟ್ಟಿದ್ದೇನೆ. ಎಂಟೋ ಹತ್ತೋ ಸಲ ಒತ್ತಿದರೆ 90 ಮುಟ್ಟುತ್ತದೆ. ಕಂಪ್ರೆಸರ್ ಸತ್ತರೂ ಕೆಸರಿನಿಂದ ಹೊರಗೆ ಬರಬಹುದು.

ಸಣ್ಣಪುಟ್ಟದ್ದು ಒಂದೆರಡು. ಟೆಫ್ಲಾನ್ ಟೇಪನ್ನು ಥ್ರೆಡ್‌ನ ತುದಿವರೆಗೆ ಸುತ್ತಬೇಡಿ. ಅದರ ಒಂದು ಚೂರು ಹೋಗಿ ನನ್ನ ಸೊಲೆನಾಯ್ಡ್ ವಾಲ್ವ್‌ನ ಬಾಯಲ್ಲಿ ಕೂತು ಎರಡು ವಾರ ಆಟ ಆಡಿಸಿತು. ನೈಲಾನ್ ಟ್ಯೂಬನ್ನು ಬ್ಲೇಡಿನಲ್ಲಿ ನೆಟ್ಟಗೆ ಕತ್ತರಿಸಿ. ಗೇಜ್ ಗ್ಲಿಸರಿನ್ ತುಂಬಿದ್ದೇ ಇರಲಿ, ಇಲ್ಲದಿದ್ದರೆ ಕಲ್ಲುದಾರಿಯಲ್ಲಿ ಮುಳ್ಳು ಕುಣಿಯುವುದನ್ನು ನೋಡುತ್ತಾ ಕೂರಬೇಕು. ರೆಗ್ಯುಲೇಟರ್ ಗುಂಡಿ ನಡುಕಕ್ಕೆ ತಿರುಗದ ಹಾಗೆ ನಾನು ಮಾಡಿಕೊಂಡ ಉಪಾಯ ಒಂದಿದೆ, ಖರ್ಚು ಸೊನ್ನೆ. ಅದನ್ನು ಇಲ್ಲಿ ಹೇಳುವುದಿಲ್ಲ. ಫೋಟೋ ತೆಗೆದುಕೊಂಡ ಆ ಇಬ್ಬರಿಗೂ ಇನ್ನೂ ಹೊಳೆದಿಲ್ಲ.

ದುಡ್ಡಿನ ಲೆಕ್ಕ: ಈಗ ಗಾಡಿಯಲ್ಲಿ ಇರುವ ಸಾಮಾನಿನ ಬೆಲೆ ಅಂಗಡಿಯ ಸಿದ್ಧ ಕಿಟ್‌ನ ಮೂರರಲ್ಲಿ ಒಂದು ಭಾಗ. ಹಾಳು ಮಾಡಿದ್ದನ್ನೂ ಡಿಫ್ ಕೂಲಿಯನ್ನೂ ಸೇರಿಸಿದರೆ ಒಂದೂವರೆ ಕಿಟ್ ಬರುತ್ತಿತ್ತು. ಮನೆಯಲ್ಲಿ ಮೊದಲನೇ ಲೆಕ್ಕ ಮಾತ್ರ ಹೇಳಿದ್ದೇನೆ. ಮುಂದಿನ ಚಕ್ರಗಳ ಡಿಫ್‌ನ ಲಾಕರ್ ಇನ್ನೂ ಡಬ್ಬದಲ್ಲೇ ಇದೆ. ಅದಕ್ಕೆ ಬೇಕಾದ ಎರಡನೇ ಸೊಲೆನಾಯ್ಡ್‌ನ ಜಾಗ ಮಾತ್ರ ಈಗಲೇ ಬಿಟ್ಟಿದ್ದೇನೆ, ರೆಗ್ಯುಲೇಟರ್ ಆದ ಮೇಲೆ.