ಕೆಡುಕಿನ ವಿರುದ್ಧ ದನಿಯೆತ್ತುವ ಮುನ್ನ ಪ್ರಾರ್ಥಿಸುವ ಬಗೆ

ಮೊದಲು ನಿಮ್ಮ ಭಯವನ್ನು ಹೆಸರು ಹಿಡಿದೇ ದೇವರ ಮುಂದೆ ಹೇಳಿ. ಕೆಲಸ ಹೋದೀತು, ಆಪ್ತರು ದೂರವಾದಾರು ಎಂಬ ಅಳುಕನ್ನು ಮುಚ್ಚಿಡಬೇಕಾಗಿಲ್ಲ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಎಂಬ ಪುಸ್ತಕದ 4ನೇ ಅಧ್ಯಾಯದಲ್ಲಿ, ಅಧಿಕಾರಿಗಳ ಬೆದರಿಕೆ ಕೇಳಿ ಬಂದ ಯೇಸುವಿನ ಶಿಷ್ಯರಾದ ಪೇತ್ರ ಯೋಹಾನರೊಡನೆ ಸೇರಿದ ವಿಶ್ವಾಸಿಗಳು, ಅಪಾಯ ತಪ್ಪಲಿ ಎಂದು ಬೇಡದೆ, ಧೈರ್ಯದಿಂದ ಮಾತನಾಡುವ ಶಕ್ತಿಯನ್ನೇ ಬೇಡಿಕೊಂಡರು. ನಿಮ್ಮ ಬೇಡಿಕೆಯೂ ಹಾಗೆಯೇ ಇರಲಿ. ಆಮೇಲೆ, ಒಳಗೆ ಸೇಡು ಅಡಗಿದೆಯೇ ಎಂದು ಪರೀಕ್ಷಿಸಿಕೊಂಡು, ಕೆಡುಕು ಮಾಡುವವರಿಗಾಗಿಯೂ ಪ್ರಾರ್ಥಿಸಿ (ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ). ಹೇಳಬೇಕಾದುದನ್ನು ಒಂದೇ ವಾಕ್ಯದಲ್ಲಿ ಬರೆದು, ಅದು ಸತ್ಯವೇ, ನೊಂದವರಿಗೆ ನೆರವಾದೀತೇ ಎಂದು ನೋಡಿ. ಆ ಗಳಿಗೆಯಲ್ಲಿ ಗಂಟಲು ಒಣಗಿದರೆ, ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಪರಲೋಕದ ದೇವರನ್ನು ಪ್ರಾರ್ಥಿಸಿದ, ಬೈಬಲಿನಲ್ಲಿ ಬರುವ ಅರಮನೆಯ ಸೇವಕ ನೆಹೆಮೀಯನಂತೆ, ಒಂದು ಉಸಿರಿನಷ್ಟು ಹೊತ್ತು ಮೌನವಾಗಿ ಬೇಡಿಕೊಂಡು ಬಾಯಿ ತೆರೆಯಿರಿ.